ಎಂಟುನೂರಾ ಅರವತ್ತೆರಡನೆಯ ಸುತ್ತು

ನಾನು ಚಿಕ್ಕವಳಿದ್ದಾಗ, ಅಂದರೆ ಪರಕರ ಪೋಲಕ ತೊಟ್ಟು ಎರಡು ಜಡೆ ಹಾಕಿಕೊಳ್ಳುವ ವಯಸ್ಸಿನಲ್ಲಿ, ಗಜೇಂದ್ರಗಡದ ನಮ್ಮ ಓಣಿಗೆ ಬೆಳಗಾಗುತ್ತಿದ್ದದ್ದು ಮಗ್ಗಗಳ ಸದ್ದಿನಿಂದ. ಒಂದು ಮನೆಯಲ್ಲಿ ಖಟ್ ಎಂದರೆ ಎದುರು ಮನೆಯಲ್ಲಿ ಖಟ್ ಖಟ್ ಎನ್ನುತ್ತಿತ್ತು. ಗಂಜಿ ಹಾಕಿ ಬಿಸಿಲಿಗೆ ಕಟ್ಟಿದ ನೂಲಿನ ಹುಳಿ ವಾಸನೆ, ಬಣ್ಣದ ಹಂಡೆಯಿಂದ ಏಳುವ ಹಬೆ, ಬಾಗಿಲಲ್ಲಿ ಒಣಗಲು ಬಿಟ್ಟ ಕೆಂಪು ನೂಲಿನ ಲಡಿಗಳು, ಇವುಗಳ ನಡುವೆಯೇ ನಾವು ಬೆಳೆದೆವು.

ಅಪ್ಪ ಸೀರೆ ನೇಯುತ್ತಿದ್ದ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲಿಳಿಬಿಟ್ಟು ಮಗ್ಗಕ್ಕೆ ಕೂತರೆ ಊಟದ ಹೊತ್ತಿನವರೆಗೆ ಏಳುತ್ತಿರಲಿಲ್ಲ. ಮಾತು ಕಡಿಮೆ. ಅವನ ಕೈಯಲ್ಲಿ ಆಚೀಚೆ ಓಡುವ ಲಾಳಿಯ ಹೊಟ್ಟೆಯಲ್ಲಿ ಬೆರಳುದ್ದದ ನೂಲಿನ ಸುರುಳಿ ಇರುತ್ತದೆ. ಅದಕ್ಕೆ ಕಂಡಿಕೆ ಎನ್ನುತ್ತಾರೆ. ಮನೆಯಲ್ಲಿ ಕಂಡಿಕೆ ಸುತ್ತುತ್ತಿದ್ದವಳು ನಮ್ಮಜ್ಜಿ. ಅವಳ ಕಣ್ಣಿಗೆ ಪೊರೆ ಬಂದು ಎಳೆ ಕಾಣದಂತಾದಾಗ, ನಾಲ್ಕನೆಯ ಇಯತ್ತೆ ಮುಗಿಸಿದ್ದ ನನ್ನನ್ನು ಅಪ್ಪ ಶಾಲೆ ಬಿಡಿಸಿ ರಾಟಿಯ ಮುಂದೆ ಕೂಡಿಸಿದ. ಅವನು ಸಿಟ್ಟಿನಿಂದ ಮಾಡಿದ್ದಲ್ಲ. ಕಂಡಿಕೆ ಇಲ್ಲದಿದ್ದರೆ ಮಗ್ಗ ನಿಲ್ಲುತ್ತದೆ, ಅಷ್ಟೆ. ನಾನೂ ಎದುರಾಡಲಿಲ್ಲ. ಆದರೆ ದಿನಾ ಶಾಲೆ ಬಿಡುವ ಹೊತ್ತಿಗೆ ನನ್ನ ಗೆಳತಿಯರು ಮಗ್ಗಿ ಹೇಳುತ್ತ ನಮ್ಮ ಕಿಟಕಿಯ ಮುಂದೆ ಹಾದು ಹೋಗುವಾಗ, ನಾನು ತಲೆ ತಗ್ಗಿಸಿ ರಾಟಿಯನ್ನು ಜೋರಾಗಿ ತಿರುಗಿಸುತ್ತಿದ್ದೆ.

ಅಪ್ಪನ ತಮ್ಮ, ನಮ್ಮ ಕಾಕಾ, ಮಗ್ಗ ಕಲಿಯಲಿಲ್ಲ. ಮಿಲಿಟರಿಗೆ ಹೋಗಿ ವೈರ್‌ಲೆಸ್ ಕೆಲಸ ಕಲಿತು ಬಂದಿದ್ದ. ಊರಿಗೆ ಕರೆಂಟು ಬಂದು ಆಗ ಇನ್ನೂ ಒಂದು ವರ್ಷವೂ ತುಂಬಿರಲಿಲ್ಲ. ನಮ್ಮ ಮನೆಗಂತೂ ಬಂದಿರಲಿಲ್ಲ. ಪೇಟೆಯ ಹಿಟ್ಟಿನ ಗಿರಣಿಗೆ ಬಂದಿತ್ತು. ಗಿರಣಿಯ ಮಾಲಕರು ಒಳ್ಳೆಯವರು. ಒಂದು ಮೂಲೆಯಲ್ಲಿ ಕಾಕಾನಿಗೆ ಮೇಜು ಹಾಕಿಕೊಳ್ಳಲು ಜಾಗ ಕೊಟ್ಟಿದ್ದರು. ಅಲ್ಲಿ ಕೂತು ಕಾಕಾ ರೇಡಿಯೊ ರಿಪೇರಿ ಮಾಡುತ್ತಿದ್ದ. ರೋಣ, ನರಗುಂದ, ಅಬ್ಬಿಗೇರಿಯಿಂದೆಲ್ಲ ರೇಡಿಯೊಗಳು ಬಸ್ಸಿನ ಮೇಲೆ, ಚಕ್ಕಡಿಯಲ್ಲಿ, ಹಾಸಿಗೆಯಲ್ಲಿ ಸುತ್ತಿಕೊಂಡು ಬರುತ್ತಿದ್ದವು. ಸಂಜೆ ಕಾಕಾ ಮನೆಗೆ ಬಂದರೆ ಅವನ ಹುಬ್ಬು, ಮೀಸೆ ಎಲ್ಲ ಜೋಳದ ಹಿಟ್ಟಿನಿಂದ ಬೆಳ್ಳಗಾಗಿರುತ್ತಿದ್ದವು.

ಅವನಿಗೊಂದು ದೊಡ್ಡ ತೊಂದರೆಯಿತ್ತು. ಆಗಿನ ಹಳ್ಳಿಯ ರೇಡಿಯೊಗಳು ಇಟ್ಟಿಗೆಯಷ್ಟು ದೊಡ್ಡ ಬ್ಯಾಟರಿಯಿಂದ ನಡೆಯುತ್ತಿದ್ದವು. ರಿಪೇರಿ ಮಾಡಿದ್ದು ಸರಿಯಾಯಿತೋ ಇಲ್ಲವೋ ನೋಡಬೇಕಾದರೆ ಹೊಸ ಬ್ಯಾಟರಿ ಬೇಕು. ಅದು ಹುಬ್ಬಳ್ಳಿಯಿಂದ ಬರಬೇಕು, ಬಂದರೂ ನಾಲ್ಕು ರೇಡಿಯೊ ಪರೀಕ್ಷೆ ಮಾಡುವಷ್ಟರಲ್ಲಿ ಸೊರಗಿ ಹೋಗುತ್ತಿತ್ತು. ಗೋಡೆಯಲ್ಲಿ ಕರೆಂಟೇನೋ ಇದೆ. ಆದರೆ ಅದನ್ನು ಹಾಗೇ ಕೊಟ್ಟರೆ ರೇಡಿಯೊ ಸುಟ್ಟು ಬೂದಿಯಾಗುತ್ತದೆ. ಆ ಕರೆಂಟನ್ನು ಪಳಗಿಸಿ ಬ್ಯಾಟರಿಯಷ್ಟು ಸಣ್ಣದು ಮಾಡಿ ಕೊಡುವ ಪೆಟ್ಟಿಗೆಯೊಂದು ಮೇಜಿನ ಮೇಲೆ ಬೇಕಿತ್ತು. ಅದರ ಜೀವವೇ ಟ್ರಾನ್ಸ್‌ಫಾರ್ಮರು. ಅದನ್ನು ತಾನೇ ಮಾಡುತ್ತೇನೆಂದು ಕಾಕಾ ಹಟ ಹಿಡಿದ.

ಹುಬ್ಬಳ್ಳಿಯ ಗುಜರಿಯಲ್ಲಿ ಸುಟ್ಟುಹೋದ ಟ್ರಾನ್ಸ್‌ಫಾರ್ಮರೊಂದು ಸಿಕ್ಕಿತು. ಅದನ್ನು ಬಿಚ್ಚಿದಾಗ ಮೂರು ಹಲ್ಲಿನ ಬಾಚಣಿಗೆಯಂಥ ತೆಳ್ಳನೆಯ ಕಬ್ಬಿಣದ ತಗಡುಗಳು ರಾಶಿ ಬಿದ್ದವು. ನಾನೂ ಅವನೂ ಹಿತ್ತಲಲ್ಲಿ ಕೂತು ಒಂದೊಂದನ್ನೂ ಸೀಮೆಎಣ್ಣೆಯಲ್ಲಿ ತಿಕ್ಕಿ ತೊಳೆದೆವು. ಅರಗಿನ ವಾರ್ನಿಷ್ ಬಳಿದು ಹಂಚಿನ ಮೇಲೆ ಸಾಲಾಗಿ ಒಣಗಿಸಿದೆವು. ಹಪ್ಪಳ ಅಂದುಕೊಂಡು ಕಾಗೆಯೊಂದು ಬಂದು ಕುಕ್ಕಿ ನೋಡಿ ಹಾರಿಹೋಯಿತು. ಸೀರೆ ಇಡುವ ರಟ್ಟಿನ ಡಬ್ಬಿ ಕತ್ತರಿಸಿ ಕಾಕಾ ಚೌಕಾಕಾರದ ಉರುಳೆ ಮಾಡಿದ. ಇನ್ನು ಉಳಿದದ್ದು ತಾಮ್ರದ ತಂತಿ ಸುತ್ತುವುದು.

ಆ ತಂತಿ ಕೂದಲಿನಷ್ಟು ಸಪೂರ. ಮೇಲೆ ಕಂದು ಬಣ್ಣದ ಲೇಪ, ಬೆಲ್ಲದ ಪಾಕದಲ್ಲಿ ಅದ್ದಿ ತೆಗೆದಂತೆ ಹೊಳೆಯುತ್ತಿತ್ತು. ಕಾಕಾ ಒಂದು ದಿನ ತಾನೇ ಸುತ್ತಲು ಕೂತ. ನೂರು ದಾಟುವಷ್ಟರಲ್ಲಿ ಎಣಿಕೆ ತಪ್ಪಿತು. ಮತ್ತೆ ಸುತ್ತಿದ. ಸುತ್ತುಗಳು ಒಂದರ ಮೇಲೊಂದು ಹತ್ತಿ ಕುಳಿತವು. ಬೆಸುಗೆ ಹಾಕಿ ಹಾಕಿ ಒರಟಾದ ಅವನ ಬೆರಳಿಗೆ ಎಳೆ ಹಿಡಿಯುವ ಹದ ಇರಲಿಲ್ಲ. ಆಮೇಲೆ ನಾನು ಕಂಡಿಕೆ ಸುತ್ತುವುದನ್ನು ಬಹಳ ಹೊತ್ತು ನೋಡುತ್ತ ನಿಂತ. ನನ್ನ ಬೆರಳ ಸಂದಿಯಿಂದ ನೂಲು ಜಾರಿ, ಸುತ್ತುಗಳು ಒಂದಕ್ಕೊಂದು ಅಂಟಿಕೊಂಡು ಸಾಲಾಗಿ ಕೂಡುತ್ತಿದ್ದವು.

"ತಂಗೀ, ಈ ತಂತಿ ಸುತ್ತತಿ ಏನು?" ಎಂದು ಅಕ್ಕರೆಯಿಂದ ಕೇಳಿದ.

"ಎಷ್ಟು ಸುತ್ತು?"

"ಮೊದಲನೇ ಸುರುಳಿಗೆ ಸಾವಿರದ ನಾನೂರು. ಲೆಕ್ಕ ಹಿಡದ ಸುತ್ತಬೇಕು. ಅದರ ಮ್ಯಾಲ ಎರಡನೇದು. ಸುತ್ತು ಎಷ್ಟು ಅನ್ನೂದರ ಮ್ಯಾಲ ಕರೆಂಟು ಎಷ್ಟು ಇಳೀತದ ಅನ್ನೂದು ಐತಿ. ಮತ್ತ ಒಂದ ಮಾತು, ತಂತಿ ಹರೀಬಾರದು. ಹರೀತು ಅಂದ್ರ ಅಲ್ಲೇ ಕೈ ಬಿಟ್ಟು ನನ್ನ ಕರಿ. ನೀ ಏನೂ ಮಾಡಾಕ ಹೋಗಬ್ಯಾಡ."

"ಒಂದ ಸಲಾನೂ ಹರೀಲಾರದಂಗ ಸುತ್ತಿದ್ರ ನನಗೇನ ಕೊಡತಿ ಕಾಕಾ?"

"ಏನ ಬೇಕು? ಪೇಡೆ?"

"ಅಪ್ಪಗ ಹೇಳಿ ನನ್ನ ಸಾಲಿಗೆ ಕಳಸಬೇಕು."

ಕಾಕಾನ ನಗು ನಿಂತಿತು. ಅಪ್ಪನ ಮಗ್ಗದ ಕಡೆ ಒಮ್ಮೆ ನೋಡಿ, "ಆತು. ಕೇಳತೀನಿ," ಎಂದ.

ರಾಟಿಯ ದೊಡ್ಡ ಗಾಲಿ ಒಮ್ಮೆ ತಿರುಗಿದರೆ ಕಂಡಿಕೆ ಕೂರುವ ಕಡ್ಡಿ, ಅಂದರೆ ಕದಿರು, ಹತ್ತಾರು ಸಲ ತಿರುಗುತ್ತದೆ. ಎಣಿಕೆಗೆ ಅದು ನಡೆಯದು. ಅದಕ್ಕೇ ಕಾಕಾ ಅಜ್ಜಿಯ ಹಳೆಯ ರಾಟಿಯೊಂದರ ಗಾಲಿಯ ದಾರ ಬಿಚ್ಚಿ ಕದಿರಿಗೇ ಒಂದು ಹಿಡಿಕೆ ಕೂಡಿಸಿದ. ಒಂದು ಸಲ ತಿರುಗಿಸಿದರೆ ಒಂದೇ ಸುತ್ತು. ಅಪ್ಪನ ಕಂಡಿಕೆಗಳನ್ನು ಬೆಳಿಗ್ಗೆಯೇ ನನ್ನ ರಾಟಿಯಲ್ಲಿ ಮುಗಿಸಿ, ಉಳಿದ ಹೊತ್ತಿನಲ್ಲಿ ನಾನು ತಂತಿಗೆ ಕೂರುತ್ತಿದ್ದೆ. ನೂರು ಆದಾಗೆಲ್ಲ ಗೋಡೆಗೆ ಸುಣ್ಣದಿಂದ ಒಂದು ಗೆರೆ. ಒಂದು ಸಾಲು ತುಂಬಿದ ಮೇಲೆ ಎಣ್ಣೆ ಕಾಗದದ ಒಂದು ಪದರ ಹಾಕಿ ಅದರ ಮೇಲೆ ಮುಂದಿನ ಸಾಲು. ಏಳುವಾಗ ಸಂಖ್ಯೆಯನ್ನು ನನ್ನ ಹಳೆಯ ಪಾಟಿಯ ಮೇಲೆ ಬರೆದಿಡುತ್ತಿದ್ದೆ. ಎಷ್ಟೋ ದಿನಗಳ ನಂತರ ಪಾಟಿ ಮುಟ್ಟಿದ್ದೆ. ಅಂಕಿಗಳನ್ನು ಬೇಕೆಂದೇ ದೊಡ್ಡದಾಗಿ, ಚಂದವಾಗಿ ಬರೆಯುತ್ತಿದ್ದೆ.

ಮೂರನೆಯ ದಿನ ಕಾಕಾ ಯಾರದೋ ರೇಡಿಯೊ ನೋಡಲು ರೋಣಕ್ಕೆ ಹೋಗಿದ್ದ. ಅವ್ವ ಹಿತ್ತಲಲ್ಲಿ ನೂಲಿಗೆ ಗಂಜಿ ಹಾಕುತ್ತಿದ್ದಳು. ಗೋಡೆಯ ಮೇಲೆ ಎಂಟು ಗೆರೆ ಬಿದ್ದಿದ್ದವು. ಅರವತ್ತು, ಅರವತ್ತೊಂದು ಎಂದು ನಾನು ಎಣಿಸುತ್ತಿದ್ದಾಗ ಓಣಿಯಲ್ಲಿ ಮಕ್ಕಳ ದನಿ ಕೇಳಿತು. ಶಾಲೆ ಬಿಟ್ಟಿತ್ತು. ಒಬ್ಬಳು ಕಿಟಕಿಯ ಸರಳು ಹಿಡಿದು ಇಣುಕಿ, "ನಮಗ ಭಾಗಾಕಾರದ ಹೊಸಾ ಲೆಕ್ಕ ಹೇಳಿಕೊಟ್ಟಾರ, ನಿನಗ ಬರೂದಿಲ್ಲ!" ಎಂದು ಕೂಗಿ ಓಡಿದಳು. ನಾನು ಅತ್ತ ತಿರುಗಿದೆ. ಕೈಯೂ ತಿರುಗಿತು. ಬೆರಳಲ್ಲಿ ಸಣ್ಣದೊಂದು ಜುಮ್ಮೆನ್ನುವ ಎಳೆತ. ನೋಡಿದರೆ ತಂತಿ ಹರಿದು ಎರಡು ತುದಿ ಗಾಳಿಯಲ್ಲಿ ನಡುಗುತ್ತಿದ್ದವು.

ಎಂಟುನೂರಾ ಅರವತ್ತೆರಡು.

ಕಾಕಾ ಬರುವುದು ಸಂಜೆಗೆ. ಬಂದರೆ ಹರಿದದ್ದು ತಿಳಿಯುತ್ತದೆ. ತಿಳಿದರೆ ಶಾಲೆಯ ಮಾತು ಅಲ್ಲಿಗೇ ಮುಗಿಯಿತು. ನಾನು ನೇಕಾರರ ಮನೆಯ ಹುಡುಗಿ. ದಿನಕ್ಕೆ ಇಪ್ಪತ್ತು ಸಲ ಹರಿದ ಎಳೆಗೆ ಗಂಟು ಹಾಕುವ ಕೈ. ನೂಲಿಗೆ ಗಂಟು ಹಾಕಿದರೆ ಮತ್ತೆ ನೂಲೇ ತಾನೆ, ತಂತಿಗೂ ಹಾಗೇ ಇರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಎರಡೂ ತುದಿ ಕೂಡಿಸಿ, ಸಾಸಿವೆ ಕಾಳಿಗಿಂತ ಸಣ್ಣ ಗಂಟು ಹಾಕಿ, ಉಳಿದ ತುದಿ ಕತ್ತರಿಸಿದೆ. ಮತ್ತೆ ಸುತ್ತತೊಡಗಿದೆ. ಸಾಲು ತುಂಬಿದ ಮೇಲೆ ಎಣ್ಣೆ ಕಾಗದ ಮುಚ್ಚಿದೆ. ಮೇಲಿನಿಂದ ಏನೂ ಕಾಣುತ್ತಿರಲಿಲ್ಲ. ಅವತ್ತು ಪಾಟಿಯ ಮೇಲೆ ಅಂಕಿಗಳನ್ನು ಸಣ್ಣದಾಗಿ ಬರೆದೆ.

ಸಾವಿರದ ನಾನೂರು ಮುಗಿದದ್ದು ರವಿವಾರ ಬೆಳಿಗ್ಗೆ. ಕಾಕಾ ಸುರುಳಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಅತ್ತಿತ್ತ ತಿರುಗಿಸಿ ನೋಡಿದ. "ಭಾಳ ಚಲೋ ಸುತ್ತೀ," ಎಂದ. ಆಮೇಲೆ ಟ್ರಂಕಿನಿಂದ ಮಿಲಿಟರಿಯ ಕಪ್ಪು ಹೆಡ್‌ಫೋನು ತೆಗೆದು ನನ್ನ ಕಿವಿಗೆ ಹಾಕಿದ. ಅದು ನನ್ನ ಜಡೆಗಳ ಮೇಲೆ ಭಾರವಾಗಿ ಕೂತಿತು. ಟಾರ್ಚಿನ ಸೆಲ್ಲು, ಹೆಡ್‌ಫೋನು, ಸುರುಳಿ ಮೂರನ್ನೂ ಸಾಲಾಗಿ ಜೋಡಿಸಿ, ಕೊನೆಯ ತಂತಿಯನ್ನು ಮುಟ್ಟಿಸಲು ಹಿಡಿದುಕೊಂಡ.

"ನಾ ಇದನ್ನ ಮುಟ್ಟಸತೀನಿ. ಕಿವಿಯೊಳಗ ಟಕ್ ಅಂತ ಸಪ್ಪಳಾದ್ರ ತಂತಿ ಈ ತುದಿಯಿಂದ ಆ ತುದಿತನಕ ಒಂದ ಐತಿ ಅಂತ ಅರ್ಥ. ಕೇಳು."

ಮುಟ್ಟಿಸಿದ. ನನಗೆ ಕೇಳಿಸಿದ್ದು ನನ್ನ ಎದೆಬಡಿತ ಮಾತ್ರ. ಮತ್ತೊಮ್ಮೆ ಮುಟ್ಟಿಸಿದ. ಏನೂ ಇಲ್ಲ. ಕಾಕಾ ಹುಬ್ಬೆತ್ತಿ ನನ್ನ ಮುಖವನ್ನೇ ನೋಡುತ್ತಿದ್ದ.

"ಕೇಳ್ತು," ಎಂದೆ.

ಅವನ ಮುಖ ಅರಳಿತು. ಸುರುಳಿಯನ್ನು ಅಲ್ಲೇ ಇಟ್ಟು, ನೇರ ಅಪ್ಪನ ಮಗ್ಗದ ಹತ್ತಿರ ಹೋದ. ಹೆಡ್‌ಫೋನು ಇನ್ನೂ ನನ್ನ ತಲೆಯ ಮೇಲೇ ಇತ್ತು. ಅದು ಕಿವಿ ಮುಚ್ಚಿದ್ದರೂ ನನಗೆ ಅವನ ಮಾತು ಕೇಳಿಸುತ್ತಿತ್ತು.

"ಅಣ್ಣಾ, ಸ್ವಲ್ಪ ಮಗ್ಗ ನಿಲ್ಲಸು. ಸಾವಿರದ ನಾನೂರು ಸುತ್ತು ಸುತ್ಯಾಳ ನಿನ್ನ ಮಗಳು. ಎಣಿಕಿ ತಪ್ಪಿಲ್ಲ, ತಂತಿ ಹರದಿಲ್ಲ. ಪೇಟ್ಯಾಗ ಈ ಕೆಲಸ ಮಾಡೂ ಗಂಡಸು ಒಬ್ಬ ಇಲ್ಲ. ಇಂಥಾಕಿನ್ನ ಸಾಲಿ ಬಿಡಿಸಿ ಕೂಡಿಸೀದಿ. ನಾ ಕೇಳ್ಕೊಳ್ತೀನಿ, ಅಕಿನ್ನ ಮತ್ತ ಸಾಲಿಗೆ ಕಳಸು."

ಖಟ್ ಖಟ್ ನಿಂತಿತು. ಅಪ್ಪ ಲಾಳಿಯನ್ನು ಕೈಯಲ್ಲೇ ಹಿಡಿದು ನನ್ನ ಕಡೆ ತಿರುಗಿದ. ಅಪ್ಪ ನನ್ನನ್ನು ಹಾಗೆ ನೋಡಿದ್ದು ನನಗೆ ನೆನಪಿರುವಂತೆ ಅದೇ ಮೊದಲು. ಆ ಕಣ್ಣಲ್ಲಿ ಹೆಮ್ಮೆಯಿತ್ತು. ಅವನು ಬಾಯಿ ತೆರೆಯುವವನಿದ್ದ. ನನಗೆ ಬೇಕಾದ ಮಾತೇ ಬರುವುದಿತ್ತೇನೋ. ಆದರೆ ಆ ಹೆಮ್ಮೆಯನ್ನು ನನ್ನಿಂದ ತಾಳಲಾಗಲಿಲ್ಲ.

"ಅಪ್ಪಾ, ತಂತಿ ಹರದಿತ್ತು," ಎಂದೆ. "ನಾ ಗಂಟು ಹಾಕೀನಿ. ಟಕ್ ಅಂತ ಏನೂ ಕೇಳಲಿಲ್ಲ. ಸುಳ್ಳ ಹೇಳೀನಿ."

ಹೇಳಿದ್ದೇ ತಡ ಅಳು ಬಂತು. ಕಾಕಾ ನನ್ನ ತಲೆಯಿಂದ ಹೆಡ್‌ಫೋನು ತೆಗೆದು ತನ್ನ ಕಿವಿಗೆ ಇಟ್ಟುಕೊಂಡು ಎರಡು ಸಲ ತಂತಿ ಮುಟ್ಟಿಸಿ ನೋಡಿದ. ಆಮೇಲೆ ಹೊರಗಿನ ಕಟ್ಟೆಗೆ ಹೋಗಿ ಕೂತುಬಿಟ್ಟ. ಅವನು ಬೈದಿದ್ದರೆ ಚೆನ್ನಾಗಿತ್ತು. ಅಣ್ಣನ ಮುಂದೆ ನನಗಾಗಿ ತಲೆಯೆತ್ತಿ ಮಾತಾಡಿದ್ದ, ನಾನು ಅವನ ತಲೆ ತಗ್ಗಿಸಿದ್ದೆ.

ಸ್ವಲ್ಪ ಹೊತ್ತಾದ ಮೇಲೆ ಒಳಗೆ ಬಂದು ನನ್ನ ಮುಂದೆ ಕುಕ್ಕರಗಾಲಲ್ಲಿ ಕೂತ.

"ಈ ತಂತಿಗೆ ಮ್ಯಾಲ ಲೇಪ ಐತಿ. ಲೇಪ ಕೆರೀದ ಗಂಟು ಹಾಕಿದ್ರ ಕರೆಂಟು ದಾಟೂದಿಲ್ಲ. ಅರ್ಧಾ ದಾಟಿದ್ರ ಕಿಡಿ ಹಾರತೈತಿ. ಗಿರಣ್ಯಾಗ ಬೆಂಕಿ ಹತ್ತಿದ್ರ ಏನ ಮಾಡತಿದ್ದಿ?" ಎಂದ. ನಾನು ಬಿಕ್ಕುತ್ತಲೇ ಇದ್ದೆ. ಅವನು ದನಿ ತಗ್ಗಿಸಿ ಕೇಳಿದ, "ಎಲ್ಲಿ ಹರೀತು, ನೆನಪೈತೇನು?"

"ಎಂಟುನೂರಾ ಅರವತ್ತೆರಡನೇ ಸುತ್ತಿಗೆ."

"ಖರೇ?"

"ಖರೇ, ಕಾಕಾ."

ಆಗ ಒಂದು ಸಂಗತಿ ನಡೆಯಿತು, ಅದನ್ನು ನಾನು ಎಣಿಸಿರಲಿಲ್ಲ. ಅಪ್ಪ ಕುಣಿಯಿಂದ ಎದ್ದು ಬಂದ. ಕಾಲಿನ ಧೂಳು ಕೊಡವಿ, ರಾಟಿಯ ಮುಂದೆ ಚಕ್ಕಂಬಕ್ಕಳ ಹಾಕಿ ಕೂತು, ಸುರುಳಿಯನ್ನು ಕದಿರಿಗೆ ಏರಿಸಿದ. "ಬಿಚ್ಚೂಣು," ಎಂದ. ರೇಡಿಯೊ ಕೆಲಸವನ್ನು ಪೊಳ್ಳು ಉದ್ಯೋಗ ಎನ್ನುತ್ತಿದ್ದ ಅಪ್ಪ ಅವನು!

ಅಪ್ಪ ಒಂದು ಕೈಯಿಂದ ಹಿಡಿಕೆಯನ್ನು ಹಿಂದಕ್ಕೆ ತಿರುಗಿಸುತ್ತ, ಇನ್ನೊಂದು ಕೈಯ ಬೆರಳಲ್ಲಿ ತಂತಿಯನ್ನು ಜಾರಬಿಡುತ್ತ ಹೋದ. ಬಿಚ್ಚಿದ ತಂತಿಯನ್ನು ಕಾಕಾ ಖಾಲಿ ಉರುಳೆಗೆ ಸುತ್ತಿಕೊಳ್ಳುತ್ತಿದ್ದ. ನನ್ನ ಕೆಲಸ ಎಣಿಸುವುದು. ಸಾವಿರದ ನಾನೂರರಿಂದ ಕೆಳಗೆ ಇಳಿಯುತ್ತ ಬಂದೆ. ಸಾವಿರದ ಮುನ್ನೂರು, ಸಾವಿರದ ಇನ್ನೂರು. ಅವ್ವ ಒದ್ದೆ ಕೈಯಲ್ಲೇ ಬಾಗಿಲಿಗೆ ಬಂದು ನಿಂತಳು. ಅಜ್ಜಿ ಮೂಲೆಯಲ್ಲಿ ಕೂತು, ಕಾಣದ ಕಣ್ಣನ್ನು ನಮ್ಮ ಕಡೆ ಹೊರಳಿಸಿ, ನನ್ನ ಜೊತೆ ತುಟಿ ಆಡಿಸುತ್ತಿದ್ದಳು. ಒಂಬೈನೂರು ದಾಟಿದ ಮೇಲೆ ಅಪ್ಪ ಹಿಡಿಕೆಯನ್ನು ನಿಧಾನ ಮಾಡಿದ. ಎಂಟುನೂರಾ ಅರವತ್ತೈದು. ಅರವತ್ತನಾಲ್ಕು. ಅರವತ್ತಮೂರು. ನನ್ನ ಬಾಯಲ್ಲಿ ಅರವತ್ತೆರಡು ಬಂದದ್ದೂ, ಅಪ್ಪನ ಬೆರಳು ನಿಂತದ್ದೂ ಒಂದೇ ಸಲ. ಅವನ ಬೆರಳ ತುದಿಗೆ ಗಂಟು ತಾಗಿತ್ತು.

ಅಪ್ಪ ಅದನ್ನು ಬೆಳಕಿಗೆ ಹಿಡಿದು ಕಣ್ಣು ಕಿರಿದು ಮಾಡಿ ನೋಡಿದ.

"ಗಂಟು ಮಾತ್ರ ಚಲೋ ಹಾಕ್ಯಾಳ," ಎಂದ.

ಮೊದಲು ನಕ್ಕವಳು ಅಜ್ಜಿ. ಆಮೇಲೆ ಕಾಕಾ. ಕಣ್ಣೀರು ಒರೆಸಿಕೊಳ್ಳುತ್ತ ನಾನೂ ನಕ್ಕೆ.

ಕಾಕಾ ಗಂಟು ಕತ್ತರಿಸಿ, ಬ್ಲೇಡಿನಿಂದ ಎರಡೂ ತುದಿಯ ಲೇಪ ಕೆರೆದ. ಒಳಗಿನ ತಾಮ್ರ ಹೊಸ ಬಿಲ್ಲಿ ಕಾಸಿನಂತೆ ಹೊಳೆಯಿತು. ತುದಿಗಳನ್ನು ಹೊಸೆದು, ಇದ್ದಿಲ ಒಲೆಯಲ್ಲಿ ಕಾಯಿಸಿದ ಕಬ್ಬಿಣದ ಕಡ್ಡಿಯಿಂದ ಬೆಸುಗೆ ಹಾಕಿ, ಎಣ್ಣೆ ಕಾಗದದ ಚೂರು ಸುತ್ತಿದ. ಹೆಡ್‌ಫೋನನ್ನು ಮತ್ತೆ ನನಗೇ ಹಾಕಿದ. ಈ ಸಲ ಟಕ್ ಎಂದಿತು. ಸುಟ್ಟ ಶೇಂಗಾ ಒಡೆದಂತೆ, ಸಣ್ಣಗೆ, ಸ್ಪಷ್ಟವಾಗಿ. "ಕೇಳ್ತು," ಎಂದೆ. ಕಾಕಾ ಈ ಸಲವೂ ನನ್ನ ಮಾತನ್ನೇ ನಂಬಿದ, ತಾನು ಕೇಳಿ ನೋಡಲಿಲ್ಲ. ಅದು ನನಗೆ ಇವತ್ತಿಗೂ ದೊಡ್ಡ ಮಾತು.

ಮಧ್ಯಾಹ್ನ ಊಟಕ್ಕೆ ಕೂತಾಗ ಅಪ್ಪ ತಾಟಿನಿಂದ ತಲೆಯೆತ್ತದೆ ಕೇಳಿದ, "ಇಕಿ ಸಾಲಿಗೆ ಹೋದ್ರ ಹೊತ್ತೇರಿದ ಮ್ಯಾಲಿನ ಕಂಡಿಕಿ ಯಾರ ಸುತ್ತವರು?"

ನಾನು ಕಾಕಾನನ್ನು ನೋಡಿದೆ. ಅವನು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ. ಮಗ್ಗದ ಮನೆಯ ಕೆಲಸ ಬೇಡವೆಂದು ಊರು ಬಿಟ್ಟು ಹೋಗಿದ್ದವನು ಅವನು.

"ನಾ ಸುತ್ತತೀನಿ ಅಣ್ಣಾ. ಮಧ್ಯಾಹ್ನ ಎರಡ ತಾಸು ಬರತೀನಿ."

"ನೀ ಸುತ್ತಿದ ಕಂಡಿಕಿ ಲಾಳ್ಯಾಗ ಓಡಬೇಕಲ್ಲಪಾ."

"ಹುಡುಗಿ ಕಲಿಸತಾಳ."

ಅಪ್ಪ ಕೈ ತೊಳೆದು ಮಗ್ಗಕ್ಕೆ ಇಳಿಯುವಾಗ, "ಪಾಟಿ ಒಡದಿಲ್ಲಲ್ಲ? ನಾಳಿ ತಗೊಂಡ ಹೋಗು," ಎಂದ.

ಉಳಿದ ಸುತ್ತುಗಳನ್ನು ನಾನು ಶಾಲೆಗೆ ಹೋಗುವ ಮುಂಚೆ, ಬಂದ ಮೇಲೆ ಸುತ್ತಿದೆ. ಎರಡನೆಯ ಸುರುಳಿ, ಕೊನೆಗೆ ದಪ್ಪ ತಂತಿಯ ಹತ್ತು ಸುತ್ತು. ತಗಡುಗಳನ್ನು ಒಂದೊಂದಾಗಿ ಸೇರಿಸಿ ಬೋಲ್ಟು ಬಿಗಿದಾಗ ಅದು ಅಜ್ಜಿಯ ಎಲೆ ಅಡಿಕೆ ಡಬ್ಬಿಯಷ್ಟು ಚಿಕ್ಕದಾಗಿ, ಎತ್ತಿದರೆ ಒಳಕಲ್ಲಿನಷ್ಟು ಭಾರವಾಗಿ ಇತ್ತು. ಅದಕ್ಕೆ ಒಂದು ವಾಲ್ವು, ಎರಡು ಕಂಡೆನ್ಸರು ಜೋಡಿಸಿ ಕಾಕಾ ಮರದ ಪೆಟ್ಟಿಗೆಯಲ್ಲಿ ಕೂಡಿಸಿದ.

ಅದಕ್ಕೆ ಮೊದಲ ಸಲ ಕರೆಂಟು ಕೊಟ್ಟ ದಿನ ನಾನು ಅಲ್ಲಿರಲಿಲ್ಲ. ಶಾಲೆಯಲ್ಲಿದ್ದೆ, ಭಾಗಾಕಾರ ಕಲಿಯುತ್ತಿದ್ದೆ. ಶಾಲೆ ಬಿಟ್ಟೊಡನೆ ಪಾಟಿ ಚೀಲ ಹಿಡಿದು ಗಿರಣಿಗೆ ಓಡಿದೆ. ಗಿರಣಿ ನಿಂತಿತ್ತು. ಜೋಳ ಬೀಸಿಸಲು ಬಂದವರು ಬುಟ್ಟಿ ಕೆಳಗಿಟ್ಟು ಕಾಕಾನ ಮೇಜಿನ ಸುತ್ತ ಗುಂಪಾಗಿದ್ದರು. ಅಬ್ಬಿಗೇರಿಯಿಂದ ಬಂದಿದ್ದ ರೇಡಿಯೊದಲ್ಲಿ ಧಾರವಾಡದಿಂದ ಯಾರೋ ಪೇಟೆಯ ಹತ್ತಿ, ಶೇಂಗಾ ಧಾರಣೆ ಓದುತ್ತಿದ್ದರು. ಬ್ಯಾಟರಿ ಇರಲಿಲ್ಲ. ಗಿರಣಿಯ ಮಾಲಕರು ದಾರಿ ಬಿಡಿಸಿ, "ಬಾರವಾ, ನಿನ್ನ ಕೈಲೇ ಸುತ್ತಿದ್ದಂತ ಅಲ್ಲ ಇದು?" ಎಂದರು. ಕಾಕಾ ಕರೆಂಟು ತೆಗೆದು, ಪೆಟ್ಟಿಗೆಯ ಮುಚ್ಚಳ ಸರಿಸಿ, ನನ್ನ ಅಂಗೈಯನ್ನು ಹಿಡಿದು ಕಬ್ಬಿಣದ ತಗಡಿನ ಮೇಲೆ ಇಟ್ಟ. ಅದು ಬೆಚ್ಚಗಿತ್ತು. ಆಗಷ್ಟೇ ಹಾಲು ಕುಡಿದು ಮಲಗಿದ ಬೆಕ್ಕಿನ ಮರಿಯಷ್ಟು ಬೆಚ್ಚಗೆ.

ಕಾಕಾ ಮಾತಿಗೆ ತಪ್ಪಲಿಲ್ಲ. ನಾನು ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗುವವರೆಗೆ, ಮಧ್ಯಾಹ್ನದ ಬಿಸಿಲಲ್ಲಿ ಹಿಟ್ಟು ಮೆತ್ತಿದ ಮೀಸೆಯಲ್ಲೇ ಮನೆಗೆ ಬಂದು ಕಂಡಿಕೆ ಸುತ್ತಿದ. ಮೊದಮೊದಲು ಅವನ ಕಂಡಿಕೆ ಲಾಳಿಯಲ್ಲಿ ಸಿಕ್ಕಿಬಿದ್ದು ಅಪ್ಪ ಗೊಣಗುತ್ತಿದ್ದ. ಬರಬರುತ್ತ ಗೊಣಗುವುದು ನಿಂತಿತು.

ಮೊಮ್ಮಕ್ಕಳೇ, ನಿಮ್ಮ ಮನೆಯಲ್ಲಿ ಗೋಡೆಗೆ ಚುಚ್ಚುವ ಒಂದೊಂದು ಪುಟ್ಟ ಡಬ್ಬಿಯಲ್ಲೂ ಅಂಥದೇ ಒಂದು ಸುರುಳಿ ಇದೆ. ಮೊನ್ನೆ ನಿಮ್ಮಪ್ಪ ಕೆಟ್ಟ ಚಾರ್ಜರು ಒಡೆದಾಗ ನಾನು ನೋಡಿದೆ, ಕಡಲೆ ಕಾಳಿನಷ್ಟೇ ಇತ್ತು, ಹಳದಿ ಪಟ್ಟಿ ಸುತ್ತಿತ್ತು. ಅದನ್ನು ಯಂತ್ರ ಸುತ್ತುತ್ತದೆ. ಯಂತ್ರ ಎಣಿಕೆ ತಪ್ಪುವುದಿಲ್ಲ. ತಂತಿ ಹರಿದರೆ ತಾನೇ ನಿಲ್ಲುತ್ತದೆ. ಯಾರಿಗೆ ಹೇಗೆ ಹೇಳಲಿ ಎಂದು ಅದು ಎರಡು ದಿನ ಒದ್ದಾಡುವುದಿಲ್ಲ. ಕೆಟ್ಟರೆ ನೀವು ಅದನ್ನು ಎಸೆಯುತ್ತೀರಿ, ಮರುದಿನ ಹೊಸದು ಬಾಗಿಲಿಗೆ ಬರುತ್ತದೆ. ಒಳ್ಳೆಯದೇ. ಎಲ್ಲರೂ ಸಾವಿರದ ನಾನೂರು ಸುತ್ತು ಸುತ್ತುತ್ತ ಕೂಡಬೇಕೆಂದು ನಾನು ಹೇಳುವುದಿಲ್ಲ.

ಒಂದು ಮಾತು ಮಾತ್ರ ನನಗೆ ವಿಚಿತ್ರ ಅನ್ನಿಸುತ್ತದೆ. ಮಳೆ ಜೋರಾಗಿ ಶಾಲೆಗೆ ರಜೆ ಎಂದು ಫೋನಿನಲ್ಲಿ ಸುದ್ದಿ ಬಂದರೆ ನೀವಿಬ್ಬರೂ ಹಾಸಿಗೆಯ ಮೇಲೆ ಹತ್ತಿ ಕುಣಿಯುತ್ತೀರಿ. ಆ ಸೋಮವಾರ ಬೆಳಿಗ್ಗೆ ನಾನೂ ಹಾಗೇ ಕುಣಿದಿದ್ದೆ, ಓಣಿಯ ನಟ್ಟನಡುವೆ, ಪಾಟಿ ಚೀಲ ಎದೆಗೆ ಅವಚಿಕೊಂಡು, ಶಾಲೆಗೆ ಹೋಗುತ್ತ.